ನಿಮ್ಮ ವರ್ಷ ಯಾವಾಗ ಮುಗಿಯುವುದು? ಈ ಸಲದ ಲೆಕ್ಕ ಎಂತ?

ಪೆರ್ಲದ ತೋಟ:
ಕಾಸರಗೋಡಿನ ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಒಂದು ಕ್ರಮ ಉಂಟು. ಬಿಸು, ಅಂದರೆ ನಮ್ಮ ಸೌರ ಯುಗಾದಿಯ ದಿನ, ಹಣ್ಣು-ತರಕಾರಿ ಜೋಡಿಸಿಟ್ಟ ಕಣಿ ನೋಡಿ, ಹೊಸ ಲೆಕ್ಕಪುಸ್ತಕದ ಮೂಲೆಗೆ ಅರಸಿನ ಹಚ್ಚಿ ಮೊದಲ ಸಾಲು ಬರೆಯುವುದು. ಹಾಗಾಗಿ ನನ್ನ ವರ್ಷ ಎಪ್ರಿಲ್ ನಡುವಿಗೆ ಶುರು. ಮಗಳಿಗೆ ಜನವರಿ 1. ಪಂಚಾಂಗಕ್ಕೆ ಯುಗಾದಿ. ಪಕ್ಕದ ಮನೆಯ ಮಲಯಾಳಿಗಳಿಗೆ ಆಗಸ್ಟ್ ನಡುವಿನ ಚಿಂಗಂ 1. ಬ್ಯಾಂಕಿನವರದ್ದು ಮಾರ್ಚ್ 31ಕ್ಕೆ ಮುಗಿಯುತ್ತದೆ. ಒಂದೇ ಊರಿಗೆ ಐದು ಹೊಸ ವರ್ಷ, ಸಾಲ ಮಾತ್ರ ಒಂದೇ!

ಮೊನ್ನೆ ಮಗಳು, "ಅಪ್ಪ, 2025ರಲ್ಲಿ ಎಂತ ಆಯ್ತು, ಮೂರು ಸಾಲಲ್ಲಿ ಹೇಳಿ" ಅಂದಳು. ಅವಳ ಕ್ಲಾಸಿನವರೆಲ್ಲ ಸ್ಟೇಟಸ್ ಹಾಕುತ್ತಾರಂತೆ. ಪುಸ್ತಕ ತೆಗೆದು ನೋಡಿದೆ. ಮೇ 24ರ ಪುಟದಲ್ಲಿ ಒಂದೇ ಶಬ್ದ: "ಮಳೆ".

ಅವತ್ತು ಪತ್ತನಾಜೆ. ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ದಿನವೇ ಮುಂಗಾರು ಕೇರಳಕ್ಕೆ ಬಂದು ಕೂತಿತು. 2009ರ ನಂತರ ಇಷ್ಟು ಬೇಗ ಬಂದದ್ದೇ ಇಲ್ಲ. ನಾನು ಯಾವಾಗಿನಂತೆ ಜೂನ್ 1ರ ಅಂದಾಜಲ್ಲಿ ಅಡಿಕೆಗೆ ಕೊಳೆರೋಗದ ಮದ್ದು ಬಿಡುವವರಿಗೆ ಮೇ 28ಕ್ಕೆ ಬರ್ಲಿಕ್ಕೆ ಹೇಳಿದ್ದೆ. ಮದ್ದಿಗೆ ಮೈಲುತುತ್ತು (ಕಾಪರ್ ಸಲ್ಫೇಟ್) ತಂದು ಅಟ್ಟದಲ್ಲಿಟ್ಟಾಗಿತ್ತು. ಒದ್ದೆ ಮರಕ್ಕೆ ಯಾರು ಹತ್ತುತ್ತಾರೆ? ಜೂನ್ ಮೊದಲ ವಾರ ಮಳೆ ಸ್ವಲ್ಪ ಬಿಟ್ಟಿತು, ಆಗ ಅವರಿಗೆ ಬೇರೆ ತೋಟ. ಅಂತೂ ಬಂದು ಬಿಟ್ಟದ್ದು ಸರಿಯಾಗಿ ಒಣಗುವ ಮೊದಲೇ ಮತ್ತೆ ಸುರಿಯಿತು.

ಜುಲಾಯಿಯಲ್ಲಿ ತೋಟಕ್ಕೆ ಇಳಿದರೆ ಕಾಲಡಿಯಲ್ಲಿ ಪಚಕ್ ಪಚಕ್. ಹಸಿರು ಕಾಯಿ, ತೊಟ್ಟಿನ ಹತ್ತಿರ ನೀರು ಕುಡಿದ ಹಾಗೆ ಕಪ್ಪು, ಮೇಲೆ ಹತ್ತಿಯಂತೆ ಬಿಳಿ ಬೂಸರು. ಬುಟ್ಟಿಯಲ್ಲಿ ಹೆಕ್ಕಿ ಹೆಕ್ಕಿ ಸಾಕಾಯ್ತು. ಕೊಳೆರೋಗ ನನಗೆ ಹೊಸತಲ್ಲ, ಆದರೆ ಈ ಸಲ ತಪ್ಪು ನನ್ನದೇ ಅಂತ ಪ್ರತಿ ಬುಟ್ಟಿಗೂ ಅನಿಸಿತು. ಧಾರಣೆ ಇದ್ದ ವರ್ಷ ಅಡಿಕೆ ಇಲ್ಲ. ಬೇರೆ ವರ್ಷ ಮೊದಲ ಕೊಯ್ಲು ಅಂಗಳದಲ್ಲಿ ಹರವಿದರೆ ತುಳಸಿಕಟ್ಟೆಯವರೆಗೆ ಬರ್ತಿತ್ತು. ಈಗ ಕಟ್ಟೆಯ ಈಚೆ ಮಗಳು ಶಟಲ್ ಆಡುತ್ತಿದ್ದಾಳೆ.

ನೀವೆಲ್ಲ ವರ್ಷವನ್ನು ಎಲ್ಲಿಂದ ಎಲ್ಲಿಗೆ ಎಣಿಸುತ್ತೀರಿ? ಬರುವ ವರ್ಷಕ್ಕೆ ಎಂತ ಆಸೆ ಇಟ್ಟುಕೊಂಡಿದ್ದೀರಿ? ದೊಡ್ಡದು ಬೇಡ, ಆಗುವಂಥದ್ದು ಹೇಳಿ.

ಕುಂಬಳೆ ಟೀಚರ್:
ನನ್ನದು ಈಗಲೂ ಜೂನಿನಿಂದ ಮಾರ್ಚ್. ರಿಟೈರ್ ಆಗಿ ಆರು ವರ್ಷವಾದರೂ ಬೆಲ್ಲಿನ ಹೊತ್ತಿಗೆ ಎಚ್ಚರ ಆಗುತ್ತದೆ. ಹತ್ತಿರದ ಕನ್ನಡ ಮಾಧ್ಯಮ ಶಾಲೆಯೊಂದಕ್ಕೆ ಶನಿವಾರ ಕಥೆ ಹೇಳಲು ಹೋಗುತ್ತೇನೆ. ಈ ಸಲ ಒಂದನೇ ಕ್ಲಾಸಿಗೆ ಒಂಬತ್ತು ಮಕ್ಕಳು, ಹೋದ ಸಲ ಆರಿತ್ತು. ಮೂರು ಹೆಚ್ಚಾಯಿತೆಂದು ಪಾಯಸ ಮಾಡಿದವಳು ನಾನೊಬ್ಬಳೇ ಇರಬೇಕು. ದೊಡ್ಡ ಕ್ಲಾಸಿನ ಒಂದು ವಿಷಯಕ್ಕೆ ಕನ್ನಡವೇ ಬಾರದವರನ್ನು ಹಾಕಿದ್ದರು. ಮಕ್ಕಳು ಮೂರು ತಿಂಗಳು ಬೋರ್ಡಿನಲ್ಲಿದ್ದದ್ದನ್ನು ಚಿತ್ರದ ಹಾಗೆ ನೋಡಿ ಬರೆದವು. ಪಾಪ, ಆ ಮಾಸ್ಟ್ರಿಗೂ ಕಷ್ಟವೇ. ಅದನ್ನು ಹೆಚ್ಚು ಬರೆದರೆ ನನಗೆ ಬಿ.ಪಿ. ಏರುತ್ತದೆ.

ಗೋವಿಂದ ಪೈಗಳ ಕಥೆ ಹೇಳುತ್ತಿದ್ದಾಗ ಒಂದು ಹುಡುಗಿ, "ಟೀಚರ್, ಅವರ ಮನೆಗೆ ಬಸ್ಸಿನಲ್ಲಿ ಹೋಗ್ಲಿಕ್ಕೆ ಆಗ್ತದಾ?" ಅಂತ ಕೇಳಿತು. ರಾಷ್ಟ್ರಕವಿ ಅಂದರೆ ಎಲ್ಲೋ ದಿಲ್ಲಿಯವರು ಅಂತ ಎಣಿಸಿತ್ತು. ಮಂಜೇಶ್ವರ ಅಂದದ್ದಕ್ಕೆ ಕಣ್ಣು ಇಷ್ಟಗಲ ಮಾಡಿತು. ಒಂಬತ್ತನ್ನೂ ಒಮ್ಮೆ ಅಲ್ಲಿನ ಪೈಗಳ ಮನೆ-ಸ್ಮಾರಕ ಗಿಳಿವಿಂಡಿಗೆ ಕರೆದುಕೊಂಡು ಹೋಗಬೇಕು, ಇದೇ ನನ್ನ ಆಸೆ. ಎರಡು ಆಟೋ ಸಾಕು.

ಬದಿಯಡ್ಕದವ:
ತೋಟದಣ್ಣ, ಮಳೆಗೆ ಬೈದು ಪ್ರಯೋಜನ ಇಲ್ಲ ಮಾರಾಯ್ರೆ. ನಾವು ನಾಲ್ಕು ಮನೆಯವರು ಸೇರಿ ಕಾರ್ಬನ್ ಫೈಬರ್ ದೋಟಿ (ಉದ್ದದ ಕೋಲು) ತೆಗೆದುಕೊಂಡೆವು. ನೆಲದಲ್ಲೇ ನಿಂತು ಮದ್ದು ಬಿಡುವುದು, ಮರ ಹತ್ತುವವರನ್ನು ಕಾಯುವ ಕೆಲಸ ಇಲ್ಲ. ಮೊದಲ ವಾರ ಕುತ್ತಿಗೆ ತಿರುಗಿಸಲಿಕ್ಕೆ ಆಗುವುದಿಲ್ಲ, ಅದು ಬೇರೆ. ಇನ್ನೊಂದು ಸಂಶಯ: ನಿಮ್ಮ ಮದ್ದು ಕಲಸಿದ್ದು ಸರಿ ಇತ್ತಾ? ಒಂದು ಕಿಲೋ ತುತ್ತು ಐವತ್ತು ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಬೇರೆ ಐವತ್ತಕ್ಕೆ. ತುತ್ತಿನ ನೀರನ್ನು ಸುಣ್ಣಕ್ಕೆ ಹೊಯ್ಯಬೇಕು, ನಿಧಾನ. ಆಮೇಲೆ ಉಜ್ಜಿದ ಚಾಕು ಅದ್ದಿ ನೋಡಿ, ಕೆಂಪು ಹಿಡಿದರೆ ಸುಣ್ಣ ಸಾಲದು. ಎರಡನೇ ಸಲ 40–45 ದಿನದೊಳಗೆ. ನನ್ನ ಆಸೆಯಾ? ಕುತ್ತಿಗೆ ಸರಿಯಾಗಲಿ.

ಶಾರ್ಜಾದಲ್ಲಿ ಸದ್ಯಕ್ಕೆ:
ನನ್ನ ವರ್ಷ ರಜೆಯಿಂದ ರಜೆಗೆ. ಈ ಸಲ ರಜೆ ಸಿಗಲಿಲ್ಲ, ಹಾಗಾಗಿ ಹಳೆ ವರ್ಷವೇ ನಡೀತಾ ಉಂಟು. ಮನೆಯ ಹಿಂದೆ ನೀರಿಗೆಂದು ಅಜ್ಜ ಗುಡ್ಡಕ್ಕೆ ಅಡ್ಡ ಕೊರೆಸಿದ ಸುರಂಗ. ಮೊನ್ನೆ ಅಮ್ಮ ಅದರ ಬಾಯಿಗೆ ಮೊಬೈಲ್ ಹಿಡಿದು "ಕೇಳ್ತದಾ?" ಅಂದರು. ದಂಬೆಯಿಂದ (ನೀರು ಹರಿಯುವ ಮರದ ಓಣಿಯಿಂದ) ಟ್ಯಾಂಕಿಗೆ ನೀರು ಬೀಳುವ ಸದ್ದು. ಇಲ್ಲಿ ರೂಮಿನವರೆಲ್ಲ ಟಿ.ವಿ. ಆಫ್ ಮಾಡಿ ಕೇಳಿದರು. ಮೇ ತಿಂಗಳಲ್ಲಿ ಊರಲ್ಲಿರಬೇಕು, ಅಷ್ಟೇ.

ಪೆರ್ಲದ ತೋಟ:
ಟೀಚರ್, ಆಟೋ ಬೇಡ. ನನ್ನ ಜೀಪ್ ಉಂಟು, ಒಂಬತ್ತು ಮಕ್ಕಳು ಆರಾಮ. ಶನಿವಾರ ಯಾವುದು ಹೇಳಿ. ಬದಿಯಡ್ಕದಣ್ಣ, ಚಾಕು ಅದ್ದಿ ನೋಡಲೇ ಇಲ್ಲ, ಬ್ಯಾರಲ್‌ನ ಹತ್ತಿರವೂ ಹೋಗಿರಲಿಲ್ಲ. ದೋಟಿಗೆ ಐದನೇ ಮನೆ ಸೇರಿಸಿಕೊಳ್ಳುತ್ತೀರಾ? ಶಾರ್ಜಾದವರೇ, ಮೇಯಲ್ಲಿ ಬಂದರೆ ಸಿಗಿ, ಕುತ್ತಿಗೆ ಗಟ್ಟಿ ಇರುವವರು ಬೇಕು.

ಬಿಸುವಿಗೆ ಕಾಯದೆ, ಹಳೆ ಪುಸ್ತಕದ ಕೊನೆಯ ರಟ್ಟಿನಲ್ಲಿ ಈಗಲೇ ಬರೆದಿಟ್ಟೆ: ಮೇ 5, ಸುಣ್ಣ. ಮಗಳಿಗೆ ಮೂರರ ಬದಲು ಒಂದೇ ಸಾಲು ಕೊಟ್ಟೆ, "ಮಳೆ ಬೇಗ ಬಂತು, ಮದ್ದು ತಡ ಆಯ್ತು". ನಗುವ ಇಮೋಜಿ ಸೇರಿಸಿ ಹಾಕಿದ್ದಾಳೆ. ನಲ್ವತ್ತು ಜನ ನೋಡಿದ್ದಾರಂತೆ.