ಮಾಪ್ ಒಣಗ್ತಾನೇ ಇಲ್ಲ, ಒರೆಸಿದ್ರೆ ಮನೆಯೆಲ್ಲ ಮುಗ್ಗಲು ವಾಸನೆ

ಮಳೆಗಾಲದ_ಗೋಳು: ಎಲ್ರಿಗೂ ನಮಸ್ಕಾರ. ನಾವಿರೋದು ಸಾಗರದಲ್ಲಿ, ಪುನರ್ವಸು ಮಳೆ ಹಿಡಿದಾಗಿಂದ ಬಿಸಿಲೇ ಕಂಡಿಲ್ಲ. ಸ್ಪಿನ್ ಮಾಪ್ ತಗೊಂಡು 4 ತಿಂಗ್ಳು ಅಷ್ಟೇ, ನೆಲ ಒರೆಸಿ ಅರ್ಧ ಗಂಟೆಗೆ ಒದ್ದೆ ನಾಯಿ ಓಡಾಡಿದ ಹಾಗೆ ವಾಸನೆ, ಫಿನಾಯಿಲ್ ಒಂದು ಮುಚ್ಚಳ ಜಾಸ್ತಿ ಹಾಕಿದ್ರೆ ಫಿನಾಯಿಲ್ ಕುಡಿದ ನಾಯಿ ವಾಸನೆ. ಬಟ್ಟೆ ಮೆತ್ತಗಾಗೋಕೆ ಹಾಕ್ತಾರಲ್ಲ ಆ ಕಂಡೀಷನರಲ್ಲಿ ನೆನೆಸ್ದೆ, ಒಂದಿನ ಘಮ ಅಂತು, ಈಗ ನೀರೂ ಹೀರ್ತಿಲ್ಲ. ರೀಫಿಲ್ ಬಿಸಾಕ್ಲಾ?

ಗೃಹಿಣಿ_೭೨: ಬಿಸಾಕ್ಬೇಡಿ ಮಾರಾಯ್ರೆ. ಕಂಡೀಷನರ್ ಮೈಕ್ರೋಫೈಬರ್ ಎಳೆಗೆ ಜಿಡ್ಡಿನ ಥರ ಮೆತ್ಕೊಳುತ್ತೆ, ಅದಕ್ಕೇ ಹೀರ್ತಿಲ್ಲ. ಎಳೆ ಮೇಲೆ ಕಾಲಿಟ್ಟು ಕೋಲು ಎತ್ತಿ, ಟಕ್ ಅಂತ ಬಿಡುತ್ತೆ, ಆಮೇಲೆ ಚೆನ್ನಾಗಿ ಬಿಸಿ ಇರೋ ನೀರಿಗೆ ಸ್ವಲ್ಪ ಬಟ್ಟೆ ಸೋಪಿನ ಪುಡಿ ಹಾಕಿ ಅರ್ಧ ಗಂಟೆ ನೆನೆಸಿ. ಕುದಿಯೋ ನೀರು ಮಾತ್ರ ಬೇಡ, 60 ಡಿಗ್ರಿ ಸಾಕು. ಎರಡ್ಮೂರು ಸಲ ಮಾಡ್ಬೇಕಾಗುತ್ತೆ. ಒರೆಸಿದ್ಮೇಲೆ ಬಕೆಟಲ್ಲೇ ನಿಲ್ಸೋ ಅಭ್ಯಾಸ ಇದ್ರೆ ಮೊದ್ಲು ಅದು ಬಿಡಿ.

ಬ್ಯಾಚುಲರ್_ರೂಮು: ಬ್ಲೀಚಿಂಗ್ ಪುಡಿ ಜೊತೆ ಸ್ವಲ್ಪ ಬಾತ್‌ರೂಮ್ ಆಸಿಡ್ ಹಾಕ್ಬಿಡಿ, ಹುಳ ಹುಪ್ಪಟೆ ಎಲ್ಲ ಖಲಾಸ್.

ಲ್ಯಾಬ್_ಅಣ್ಣ: ಅಯ್ಯೋ ಬೇಡ! ಅವೆರಡು ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ, ಬಾಗಿಲು ಮುಚ್ಚಿದ ಬಚ್ಚಲಲ್ಲಿ ಮಾಡಿದ್ರೆ ಖಲಾಸ್ ಆಗೋದು ನೀವೇ. ವಿನೆಗರ್ ಜೊತೆನೂ ಬ್ಲೀಚ್ ಸೇರಿಸ್ಬಾರ್ದು. ಬರೀ ಬ್ಲೀಚ್ ಹಾಕಿದ್ರೂ ಮೈಕ್ರೋಫೈಬರ್ ಹಾಳಾಗುತ್ತೆ, ಹತ್ತಿ ದಾರದ ಮಾಪ್ ಆದ್ರೆ ಯಾವಾಗ್ಲಾದ್ರೂ ಒಮ್ಮೆ ನಡೆಯುತ್ತೆ. ವಾಸನೆ ಬರೋದು ತೇವದಲ್ಲಿ ಬೆಳೆಯೋ ಬ್ಯಾಕ್ಟೀರಿಯಾ, ಬೂಷ್ಟಿನಿಂದ, ಬೇಗ ಒಣಗಿಸಿದ್ರೆ ಮುಕ್ಕಾಲು ಕೆಲ್ಸ ಮುಗೀತು.

ಹಂಡೆನೀರು: ಒಣಗಿಸೋದು ಎಲ್ಲಿ ಅಂತನೇ ಅಲ್ವಾ ಅವ್ರ ಗೋಳು, ಈ ಮಳೇಲಿ ಹಾಕ್ಕೊಳ್ಳೋ ಬಟ್ಟೆನೇ ಒಣಗಲ್ಲ. ನಾವು ಬಚ್ಚಲ ಒಲೆ ಹತ್ರ ಗಳಕ್ಕೆ ನೇತು ಹಾಕ್ತೀವಿ, ಬೆಂಕಿಗೆ ತಾಗದ ಹಾಗೆ ದೂರ ಇರ್ಲಿ. ಒಲೆ ಇಲ್ಲಾಂದ್ರೆ ಫ್ಯಾನ್ ಕೆಳಗೆ, ಎಳೆ ಬಿಡಿಸಿ. ಎರಡು ರೀಫಿಲ್ ಇಟ್ಕೊಂಡು ದಿನ ಬಿಟ್ಟು ದಿನ ಬದ್ಲಾಯ್ಸಿ. ಆಮೇಲೆ ಬಕೆಟ್ಟಿನ ತಿರುಗೋ ಬುಟ್ಟಿ ಯಾವತ್ತಾದ್ರೂ ಬಿಚ್ಚಿ ನೋಡಿದ್ದೀರಾ?

ಮಳೆಗಾಲದ_ಗೋಳು: ಈಗ ತಾನೆ ಬಿಚ್ಚಿದೆ, ಥೂ, ತಳದಲ್ಲಿ ಲೋಳೆ, ಒಂದು ಜಡೆ ಆಗೋವಷ್ಟು ಕೂದ್ಲು, ಜೊತೆಗೆ ಮಗಳ ಓಲೆ ತಿರುಪು, ಹೋದ ತಿಂಗ್ಳು ಅದಕ್ಕೇ ಮನೆಯೆಲ್ಲ ಜಾಲಾಡಿದ್ವಿ. ರೀಫಿಲ್ ಎರಡನೇ ಸಲ ನೆನೆಸಿಟ್ಟಿದ್ದೀನಿ, ನೀರು ಇನ್ನೂ ಟೀ ಬಣ್ಣ.