ಕಿರುಗುಟ್ಟುವುದೋ, ಗುರುಗುಟ್ಟುವುದೋ? ಬಟ್ಟೆ ಡ್ರೈಯರಿನ ಸದ್ದಿಗೆ ಪದ ಕೇಳುತ್ತಿದ್ದೇನೆ

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಚಾರ ಕೇಳಬೇಕಿತ್ತು. ಒಂದಲ್ಲ, ನಾಲ್ಕೈದು ಪದ. ನಮ್ಮ ಮನೆಯ ಬಟ್ಟೆ ಒಣಗಿಸುವ ಡ್ರೈಯರ್ ಸದ್ದು ಮಾಡಲು ಶುರು ಮಾಡಿ ಮೂರು ವಾರವಾಗಿತ್ತು. ಮೊನ್ನೆ ನಾನೇ ಬಿಚ್ಚಿ ರಿಪೇರಿ ಮಾಡಿದೆ. ಆದರೆ ಬಿಚ್ಚಿ ಜೋಡಿಸುವುದಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು, ಆ ಸದ್ದು ಎಂಥದ್ದು ಅಂತ ಇನ್ನೊಬ್ಬರಿಗೆ ಹೇಳುವುದಕ್ಕೆ.

ಬಿಡಿಭಾಗ ಮಾರುವವರಿಗೆ ಫೋನ್ ಮಾಡಿದೆ. "ಡ್ರೈಯರ್ ಸೌಂಡ್ ಮಾಡ್ತಾ ಇದೆ" ಅಂದೆ.

"ಯಾವ ಥರ ಸೌಂಡ್ ಸರ್?"

"ಜೋರಾಗಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಪಾಪ ತಾಳ್ಮೆಯಿಂದಲೇ ಕೇಳಿದರು: "ಜೋರಾಗಿ ಅಂದ್ರೆ ಹೇಗೆ ಸರ್, ಕಿರ್ರ್ ಅಂತಾನಾ, ದಡದಡ ಅಂತಾನಾ, ಇಲ್ಲ ಕರಕರ ಅಂತ ಉಜ್ಜಿದ ಹಾಗಾ? ಒಂದೊಂದಕ್ಕೆ ಒಂದೊಂದು ಪಾರ್ಟ್ ಬರುತ್ತೆ."

ನಿಜ ಹೇಳಬೇಕೆಂದರೆ ನಾಚಿಕೆಯಾಯಿತು. ಬೆಳಗಿಂದ ಸಂಜೆವರೆಗೆ ಕನ್ನಡದಲ್ಲೇ ಬರೆದುಕೊಂಡಿರುವ ನಾನು "ಸೌಂಡ್", "ಜೋರು" ಅಂತ ಎರಡು ಮಾತಲ್ಲಿ ಮುಗಿಸಿಬಿಟ್ಟಿದ್ದೆ. ಅವರು ಮೂರು ಅನುಕರಣ ಪದ ಹೇಳಿ ಮೂರು ಬೇರೆ ಬೇರೆ ಕಾಯಿಲೆ ಮುಂದಿಟ್ಟರು. ಶಾಲೆಯಲ್ಲಿ ಅನುಕರಣಾವ್ಯಯ ಅಂತ ಓದಿದ್ದೇವಲ್ಲ, ಪಟಪಟ, ದಬದಬ, ಸರಸರ ಅಂತ ಉದಾಹರಣೆ ಬರೆದು ಅಂಕ ತಗೊಂಡು ಮರೆತದ್ದು, ಅದು ಇಷ್ಟು ಕೆಲಸಕ್ಕೆ ಬರುವ ಸರಕು ಅಂತ ಗೊತ್ತಿರಲಿಲ್ಲ.

ಫೋನ್ ಇಟ್ಟು ಡ್ರೈಯರನ್ನು ಖಾಲಿ ಓಡಿಸಿ ಕಿವಿಯಿಟ್ಟು ಕೂತೆ. ಅಮ್ಮನೂ ಬಂದು ನಿಂತರು. ಅರ್ಧ ನಿಮಿಷ ಕೇಳಿ ಹೇಳಿದರು: "ಬಾವಿ ರಾಟೆ ಕಿರುಗುಟ್ಟಿದ ಹಾಗಿದೆ ಕಣೋ. ಅದರ ಕೆಳಗೆ ಇನ್ನೊಂದಿದೆ ನೋಡು, ದಡದಡ ಅಂತ." ಸರಿಯಾಗಿ ಕೇಳಿದರೆ ಹೌದು, ಎರಡು ಸದ್ದು. ಮೂರು ವಾರ ಒಂದೇ ಅಂದುಕೊಂಡಿದ್ದೆ. ಒಳಗೆ ನೋಡಿದರೆ ಕಿರುಗುಟ್ಟುತ್ತಿದ್ದದ್ದು ರಾಟೆಯೇ. ಅಮ್ಮ ಜೀವಮಾನದಲ್ಲಿ ಡ್ರೈಯರಿನ ಒಳಗನ್ನು ಕಂಡವರಲ್ಲ.

ಒಳಗೆ ಏನಿದೆ ಅಂತ ಸ್ವಲ್ಪ ಹೇಳುತ್ತೇನೆ. ಇಲ್ಲದಿದ್ದರೆ ಪದಗಳ ಪ್ರಶ್ನೆ ಅರ್ಥವಾಗುವುದಿಲ್ಲ. (ನಮ್ಮದರ ವಿಷಯ ಹೇಳುತ್ತಿದ್ದೇನೆ. ಎಲ್ಲ ಮಾದರಿಯೂ ಹೀಗೇ ಇರುವುದಿಲ್ಲ.) ದೊಡ್ಡ ಡ್ರಮ್ ಒಂದು. ಅದರ ಹಿಂಭಾಗ ಎರಡು ರಬ್ಬರ್ ಅಂಚಿನ ಉರುಳೆಗಳ ಮೇಲೆ ಕೂತಿರುತ್ತದೆ. ಮುಂಭಾಗ ನುಣುಪಾದ ಪ್ಲಾಸ್ಟಿಕ್ ಪಟ್ಟಿಗಳ ಮೇಲೆ ಜಾರುತ್ತದೆ. ಡ್ರಮ್ಮಿನ ಸುತ್ತ ಉದ್ದನೆಯ ತೆಳ್ಳಗಿನ ಬೆಲ್ಟ್, ಅದು ಕೆಳಗೆ ಮೋಟಾರಿನ ಗಾಲಿಗೆ ಸುತ್ತಿಕೊಂಡಿರುತ್ತದೆ. ಬೆಲ್ಟ್ ಸಡಿಲವಾಗದ ಹಾಗೆ ಒಂದು ಚಿಕ್ಕ ರಾಟೆ ಸ್ಪ್ರಿಂಗಿನ ಬಲದಿಂದ ಒತ್ತಿ ಹಿಡಿದಿರುತ್ತದೆ. ಗಾಳಿ ಎಳೆಯುವ ಫ್ಯಾನೂ ಒಳಗೇ ಇದೆ. ಅಷ್ಟೇ. ಸದ್ದು ಬರುವುದು ಸಾಮಾನ್ಯವಾಗಿ ಇಷ್ಟರಲ್ಲೇ ಒಂದರಿಂದ.

ಈಗ ನೋಡಿ, ಈ ದಡದಡದ ವಿಷಯ ನನಗೆ ಬಹಳ ಹಿಡಿಸಿತು. ಕನ್ನಡದಲ್ಲಿ "ದಡ್ ಅಂತ ಬಿತ್ತು" ಬೇರೆ, "ದಡ್... ದಡ್... ಅಂತಿದೆ" ಬೇರೆ, "ದಡದಡ ಅಂತಿದೆ" ಬೇರೆ. ಒಂಟಿ ಪದ ಒಂದು ಸಲದ ಸದ್ದು. ಬಿಡಿಸಿ ಹೇಳಿದರೆ ನಡುವೆ ಹೊತ್ತಿದೆ ಅಂತ. ಜೋಡಿಸಿ ಹೇಳಿದರೆ ಬಿಡುವಿಲ್ಲದೆ ಬರುತ್ತಿದೆ ಅಂತ. ಡ್ರೈಯರಿನಲ್ಲಿ ಈ ವ್ಯತ್ಯಾಸವೇ ರೋಗ ಹೇಳುತ್ತದೆ. ಡ್ರಮ್ಮು ನಿಮಿಷಕ್ಕೆ ಸುಮಾರು 50 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಒಂದಕ್ಕಿಂತ ಸ್ವಲ್ಪ ಕಡಿಮೆ. ಬೆಲ್ಟಿನಲ್ಲಿ ಅಥವಾ ಡ್ರಮ್ಮಿನಲ್ಲಿ ಒಂದು ಕಡೆ ಕೆಟ್ಟಿದ್ದರೆ ಸದ್ದು ಬಿಡಿಬಿಡಿಯಾಗಿ, ಎಣಿಸುವ ಹಾಗೆ ಬರುತ್ತದೆ: ದಡ್... ದಡ್... ದಡ್. ಆದರೆ ಉರುಳೆ ಚಿಕ್ಕದು. ಡ್ರಮ್ ಒಂದು ಸುತ್ತು ಹೋಗುವಷ್ಟರಲ್ಲಿ ಅದು ಎಂಟೊಂಬತ್ತು ಸುತ್ತು ಹೋಗಿರುತ್ತದೆ. ಅದರ ರಬ್ಬರು ಒಂದು ಕಡೆ ಚಪ್ಪಟೆಯಾಗಿದ್ದರೆ ಸೆಕೆಂಡಿಗೆ ಏಳೆಂಟು ಪೆಟ್ಟು. ಎಣಿಸಲು ಆಗುವುದಿಲ್ಲ. ಬಾಯಲ್ಲಿ ಅದು ತಾನಾಗಿಯೇ "ದಡದಡದಡ" ಆಗುತ್ತದೆ. ಅಮ್ಮ ದಡದಡ ಅಂದಾಗಲೇ ಉರುಳೆ ಅಂತ ಹೇಳಿದ ಹಾಗಾಯಿತು, ಅಲ್ವಾ?

(ಇದರಲ್ಲೂ ಒಂದು ಮಾತಿದೆ. ಯಂತ್ರ ತುಂಬ ದಿನ ಸುಮ್ನೆ ನಿಂತಿದ್ದರೆ ಡ್ರಮ್ಮಿನ ಭಾರಕ್ಕೆ ರಬ್ಬರು ಒತ್ತಿಕೊಂಡಿರುತ್ತದೆ. ಆಗ ಓಡಿಸಿದ ಮೊದಲ ಕೆಲವು ನಿಮಿಷ ದಡದಡ ಅಂದು, ಬಿಸಿಯಾದ ಮೇಲೆ ನಿಂತುಹೋಗುತ್ತದೆ. ಅದಕ್ಕೆ ಬಿಚ್ಚಬೇಕಾಗಿಲ್ಲ. ನಮ್ಮದು ನಿಲ್ಲಲೇ ಇಲ್ಲ.)

ಇನ್ನು ಸ್ವರದ ವಿಚಾರ. ಚಿಕ್ಕ ಗಂಟೆ ಕಿಣಿಕಿಣಿ, ದೊಡ್ಡ ಗಂಟೆ ಗಣಗಣ. ಇಕಾರ ಬಂದರೆ ಸಣ್ಣದು, ಚೂಪು. ಅಕಾರ ಬಂದರೆ ಒರಟು ಅಥವಾ ದೊಡ್ಡದು. ಉಕಾರ ಬಂದರೆ ಆಳದ್ದು, ಗುಡುಗುಡು ಅನ್ನುವ ಹಾಗೆ. ಡ್ರೈಯರಿನಲ್ಲೂ ಹೆಚ್ಚುಕಡಿಮೆ ಹೀಗೇ ಇದೆ ಅಂತ ಬಿಚ್ಚಿದ ಮೇಲೆ ಗೊತ್ತಾಯಿತು. ಅಂಗೈಯಲ್ಲಿ ಹಿಡಿಸುವ ರಾಟೆ ಒಣಗಿ ವೇಗವಾಗಿ ತಿರುಗಿದರೆ ಕಿರ್ರ್. ಮುಂದಿನ ಪ್ಲಾಸ್ಟಿಕ್ ಪಟ್ಟಿ ಸವೆದು ಡ್ರಮ್ಮಿನ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದರೆ ಕರಕರ. ಮೋಟಾರಿನ ಬೇರಿಂಗ್ ಹೋಗಿದ್ದರೆ ಗುರ್ರ್. ನಾಣ್ಯವೋ ಗುಂಡಿಯೋ ಫ್ಯಾನಿಗೆ ಸಿಕ್ಕಿದರೆ ಕಟಕಟ. ಡ್ರಮ್ ತಿರುಗದೆ ಮೋಟಾರು ಮಾತ್ರ ಗುಂಯ್ ಅನ್ನುತ್ತಿದ್ದರೆ ಏನೋ ಸಿಕ್ಕಿಹಾಕಿಕೊಂಡಿದೆ ಅಂತ. ಆಗ ಮೊದಲು ಸ್ವಿಚ್ ಆರಿಸಿ, ಸದ್ದಿನ ಅಧ್ಯಯನ ಆಮೇಲೆ.

ಇಲ್ಲಿ ನನ್ನ ಮೊದಲ ಪ್ರಶ್ನೆ. ಕಿರುಗುಟ್ಟು, ಗುರುಗುಟ್ಟು ಎರಡೂ ಸಲೀಸಾಗಿ ಬರುತ್ತವೆ. ಬಾಗಿಲು ಕಿರುಗುಟ್ಟುತ್ತದೆ, ನಾಯಿ ಗುರುಗುಟ್ಟುತ್ತದೆ. ಪಿಸುಗುಟ್ಟು, ಬುಸುಗುಟ್ಟು, ಗೊಣಗುಟ್ಟು, ಗುಂಯ್‌ಗುಟ್ಟು ಎಲ್ಲ ಇವೆ. ಆದರೆ "ದಡಗುಟ್ಟು" ಅಂತ ನಾನು ಕೇಳಿಲ್ಲ. "ಟಣಗುಟ್ಟು" ಅಂತಲೂ ಇಲ್ಲ. ಎಳೆದುಕೊಂಡು ಹೋಗುವ ಸದ್ದಿಗೆ ಗುಟ್ಟು ಹತ್ತುತ್ತದೆ, ಬಡಿಯುವ ಸದ್ದಿಗೆ ಹತ್ತುವುದಿಲ್ಲ ಅಂತ ನನಗೆ ಅನ್ನಿಸುತ್ತಿದೆ. ಬಡಿಯುವುದಕ್ಕೆ "ಅನ್ನು" ಸೇರಿಸಿ ದಡದಡ ಅನ್ನುತ್ತದೆ ಅಂತಲೋ, "ಇಸು" ಹಚ್ಚಿ ದಡಬಡಿಸು ಅಂತಲೋ ಹೇಳುತ್ತೇವೆ. ಈ ಗುಟ್ಟು ಅನ್ನುವುದು "ಕುಟ್ಟು" ಅನ್ನುವ ಕ್ರಿಯಾಪದದಿಂದ ಬಂದದ್ದಾದರೆ ತಮಾಷೆಯೇ ಸರಿ, ಕುಟ್ಟುವ ಸದ್ದಿಗೆ ಮಾತ್ರ ಅದು ಬರುವುದಿಲ್ಲ! ಲೊಚಗುಟ್ಟು ನನ್ನ ಲೆಕ್ಕವನ್ನು ಕೆಡಿಸುತ್ತದೆ, ಅದು ಎಳೆಯುವ ಸದ್ದಲ್ಲ. ಗಿಜಿಗುಟ್ಟು, ಬಣಗುಟ್ಟು ಅಂತೂ ಸದ್ದೇ ಅಲ್ಲ, ಒಂದು ಜನ ತುಂಬಿದ್ದಕ್ಕೆ, ಇನ್ನೊಂದು ಯಾರೂ ಇಲ್ಲದ್ದಕ್ಕೆ. ಬಲ್ಲವರು ಬಿಡಿಸಿ ಹೇಳಬೇಕು.

ಎರಡನೆಯದು ಗರಗರ. ಫೋನಿನಲ್ಲಿ ಒಂದು ಹಂತದಲ್ಲಿ ನಾನು "ಗರಗರ ಅಂತಿದೆ" ಅಂದೆ. ಅವರು "ಗರಗರ ತಿರುಗ್ತಾ ಇದ್ರೆ ಒಳ್ಳೇದೇ ಅಲ್ವಾ ಸರ್" ಅಂದುಬಿಟ್ಟರು. ತಪ್ಪು ಅವರದಲ್ಲ. ಗರಗರ ಅನ್ನುವುದು ಈಗ ಸದ್ದಿನ ಪದವಾಗಿ ಉಳಿದಿದೆಯೋ, ತಿರುಗುವ ರೀತಿಯ ಪದ ಆಗಿದೆಯೋ? ಬುಗುರಿ ಗರಗರ ತಿರುಗುತ್ತದೆ, ಸದ್ದೇ ಇಲ್ಲದಿದ್ದರೂ. ಗಡಗಡವೂ ಹಾಗೇ. ಗಡಗಡ ಅಂದರೆ ನಡುಕ ನೆನಪಾಗುತ್ತದೆ. ಡ್ರೈಯರಿನ ನಾಲ್ಕು ಕಾಲು ಸಮ ಇಲ್ಲದಿದ್ದರೆ ಇಡೀ ಯಂತ್ರ ಗಡಗಡ ಅನ್ನುತ್ತದೆ, ಅಲ್ಲಿ ಸದ್ದೂ ಹೌದು ನಡುಕವೂ ಹೌದು, ಕಾಲಿನ ತಿರುಪು ತಿರುಗಿಸಿ ಮಟ್ಟ ಮಾಡಿದರೆ ಎರಡೂ ಒಟ್ಟಿಗೆ ನಿಲ್ಲುತ್ತವೆ. ಕಿರಿಕಿರಿ ಅಂತೂ ಸದ್ದಿನಿಂದ ಪೂರಾ ಮನಸ್ಸಿಗೆ ಹೋಗಿಬಿಟ್ಟಿದೆ. "ಡ್ರೈಯರ್ ಕಿರಿಕಿರಿ ಮಾಡುತ್ತಿದೆ" ಅಂದರೆ ಯಾರೂ ರಾಟೆ ತರುವುದಿಲ್ಲ, ಸಮಾಧಾನ ಹೇಳುತ್ತಾರೆ.

ರಿಪೇರಿ ಹೇಗಾಯಿತು ಅಂತ ಕೇಳುವವರಿಗೆ. ಮೊದಲು ಪ್ಲಗ್ ಕಿತ್ತು ಪಕ್ಕಕ್ಕಿಟ್ಟೆ. ಸ್ವಿಚ್ ಆರಿಸಿದರೆ ಸಾಲದು. ಗ್ಯಾಸಿನಲ್ಲಿ ಓಡುವ ಡ್ರೈಯರ್ ಆದರೆ ಗ್ಯಾಸಿನ ತಿರುಪನ್ನೂ ಮುಚ್ಚಬೇಕು. ತಗಡಿನ ಅಂಚು ಕೈ ಕೊಯ್ಯುತ್ತದೆ, ಗವಸು ಹಾಕಿಕೊಳ್ಳಿ. ಮೇಲಿನ ಮುಚ್ಚಳ, ಮುಂದಿನ ತಗಡು ತೆಗೆದೆ. ಬೆಲ್ಟ್ ಬಿಚ್ಚುವ ಮುಂಚೆ ಅದು ಹೇಗೆ ಸುತ್ತಿಕೊಂಡಿದೆ ಅಂತ ಮಗಳ ಹತ್ತಿರ ಫೋಟೋ ತೆಗೆಸಿದೆ. ಇದೊಂದು ಬುದ್ಧಿವಂತಿಕೆ ಮಾಡಿದ್ದು ನನ್ನ ಪುಣ್ಯ.

ಡ್ರಮ್ ಎತ್ತಿ ಹೊರಗಿಟ್ಟ ಮೇಲೆ ಉರುಳೆಗಳನ್ನು ಒಂದೊಂದಾಗಿ ಬೆರಳಲ್ಲಿ ತಿರುಗಿಸಿದೆ. ಎಡಗಡೆಯದು ಸದ್ದಿಲ್ಲದೆ ತಿರುಗಿತು. ಬಲಗಡೆಯದು ಅರ್ಧ ಸುತ್ತಿಗೆ ನಿಂತಿತು. ಅಚ್ಚಿನ ಸುತ್ತ ಕೂದಲು, ದಾರ, ಬೂದು ಬಣ್ಣದ ಉಣ್ಣೆಯಂಥದ್ದು ಬಿಗಿಯಾಗಿ ಉಂಗುರದ ಹಾಗೆ ಸುತ್ತಿಕೊಂಡಿತ್ತು. ಚಿಮಟದಲ್ಲಿ ಎಳೆದರೆ ಒಂದೇ ಎಳೆಯಾಗಿ ಬಂತು, ಮೊಳದುದ್ದ. ಉರುಳೆಯನ್ನು ಹಿಡಿದು ಆಚೀಚೆ ಅಲ್ಲಾಡಿಸಿದರೆ ಲೊಟಲೊಟ ಅಂದಿತು, ಒಳಗಿನ ತೂತು ಸವೆದು ಅಗಲವಾಗಿತ್ತು. ಮೆಕ್ಯಾನಿಕ್‌ಗಳು ಇದಕ್ಕೆ "ಪ್ಲೇ ಇದೆ" ಅನ್ನುತ್ತಾರೆ, ಕೆಲವರು "ಆಡ್ತಾ ಇದೆ" ಅನ್ನುತ್ತಾರೆ. ನನಗೆ ಎರಡನೆಯದು ಇಷ್ಟ. ಹಲ್ಲು ಆಡುವ ಹಾಗೆ ಉರುಳೆ ಆಡುತ್ತದೆ.

ಬಿಗಿ ಹಿಡಿಯುವ ಆ ಚಿಕ್ಕ ರಾಟೆಯನ್ನು ತಿರುಗಿಸಿದೆ ನೋಡಿ, ಕಿರ್ರ್! ಅಮ್ಮ ಅಡುಗೆಮನೆಯಿಂದಲೇ "ಅದೇ, ಅದೇ" ಅಂದರು. ಎರಡು ಉರುಳೆ, ಒಂದು ರಾಟೆ, ಒಂದು ಬೆಲ್ಟ್ ಹೊಸದು ಹಾಕಿದೆ. ಒಂದು ಉರುಳೆ ಸವೆದಿದ್ದರೆ ಎರಡನ್ನೂ ಬದಲಾಯಿಸುವುದು ಲೇಸು, ಇಲ್ಲದಿದ್ದರೆ ಡ್ರಮ್ ಒಂದು ಕಡೆ ಎತ್ತರ ಒಂದು ಕಡೆ ತಗ್ಗು ಆಗುತ್ತದೆ. ಹೊಸ ಬೆಲ್ಟ್ ಕೂರಿಸುವುದು ಮಾತ್ರ ಸತಾಯಿಸಿತು. ಗೀರುಗೀರಾಗಿರುವ ಕಡೆ ಡ್ರಮ್ಮಿಗೆ ತಾಗಬೇಕು. ಒಂದು ಕೈಯಲ್ಲಿ ರಾಟೆ ಒತ್ತಿ ಹಿಡಿದು, ಇನ್ನೊಂದರಲ್ಲಿ ಬೆಲ್ಟನ್ನು ಮೋಟಾರಿನ ಗಾಲಿಗೆ ಸಿಕ್ಕಿಸಬೇಕು, ಟಾರ್ಚು ಬಾಯಲ್ಲಿ. ನಾಲ್ಕನೇ ಸಲಕ್ಕೆ ಕೂತಿತು. ಮುಚ್ಚುವ ಮುಂಚೆ ಕೈಯಿಂದ ಡ್ರಮ್ಮನ್ನು ಎರಡು ಸುತ್ತು ತಿರುಗಿಸಿ ನೋಡಿ, ಬೆಲ್ಟ್ ತಿರುಚಿಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಎಣ್ಣೆ ಬಿಟ್ಟರೆ ಆಗುತ್ತಿರಲಿಲ್ಲವಾ ಅಂತ ಕೇಳಬಹುದು. ಮೊದಲ ವಾರ ನಾನು ಮಾಡಿದ್ದೂ ಅದೇ. ಹಿಂದಿನ ತಗಡು ಬಿಚ್ಚಿ, ಕೈಗೆ ಎಟುಕಿದ ಕಡೆಗೆಲ್ಲ ಎಣ್ಣೆ ಸಿಂಪಡಿಸಿದೆ. ಎರಡು ದಿನ ಗಪ್‌ಚಿಪ್. ಮೂರನೇ ದಿನ ಮೊದಲಿಗಿಂತ ಜಾಸ್ತಿ. ಬಟ್ಟೆಯಿಂದ ಉದುರುವ ನಾರು ಎಣ್ಣೆಗೆ ಅಂಟಿ ಕೆಸರಿನ ಹಾಗಾಗಿತ್ತು. ಅದಕ್ಕಿಂತ ಮುಖ್ಯ, ಆ ನಾರು ಬೆಂಕಿಗೆ ಬೇಗ ಹತ್ತಿಕೊಳ್ಳುವ ವಸ್ತು, ಪಕ್ಕದಲ್ಲೇ ಕಾಯುವ ಭಾಗ ಇದೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿ ಅಭ್ಯಾಸವಾದ ಭಾಷೆ ನಮ್ಮದು, ಎಲ್ಲಿ ಕಿರ್ರ್ ಅಂದರೂ ಎಣ್ಣೆ ಅನ್ನುತ್ತದೆ. ಇಲ್ಲಿ ಆ ಬುದ್ಧಿ ನಡೆಯುವುದಿಲ್ಲ. ಒಳಗಿದ್ದ ನಾರನ್ನೆಲ್ಲ ಗುಡಿಸಿ ತೆಗೆದೆ, ಒಂದು ಸಣ್ಣ ದಿಂಬಿಗೆ ಆಗುವಷ್ಟಿತ್ತು.

ಅಂದ ಹಾಗೆ ಈ ಪತ್ರಕ್ಕೆ ಮೊದಲು "ಸದ್ದು ಮಾಡುತ್ತಿರುವ ಡ್ರೈಯರ್" ಅಂತ ತಲೆಬರಹ ಬರೆದಿದ್ದೆ. ಓದಿ ನೋಡಿದರೆ ಹೊಸ ಸಿನಿಮಾದ ಪ್ರಚಾರದ ಹಾಗಿತ್ತು, ಅಳಿಸಿದೆ. ಪತ್ರಿಕೆಯವರು "ಸದ್ದು ಮಾಡು" ಅನ್ನುವುದನ್ನು ಹೆಸರು ಮಾಡುವುದಕ್ಕೆ ಬಳಸಿ ಬಳಸಿ, ನಿಜವಾಗಿ ಸದ್ದು ಮಾಡುವ ವಸ್ತುವಿಗೆ ಪದ ಇಲ್ಲದ ಹಾಗೆ ಮಾಡಿದ್ದಾರೆ. "ಗಲಾಟೆ ಮಾಡುವ ಡ್ರೈಯರ್" ಅಂದರೆ ಮಕ್ಕಳ ಕಥೆ ಆಗುತ್ತದೆ. ಸಪ್ಪಳ ಅಂದರೆ ಹೆಜ್ಜೆ ನೆನಪಾಗುತ್ತದೆ.

ಕೊನೆಯ ಪ್ರಶ್ನೆ ಆ ನಾರಿನದ್ದು. ಜಾಲರಿಯಲ್ಲಿ ಪ್ರತಿಸಲ ಸೇರುವ, ಮುಟ್ಟಿದರೆ ಹತ್ತಿಯ ಹಾಗಿರುವ ಆ ಬೂದು ಪದರಕ್ಕೆ ನಿಮ್ಮ ಮನೆಯಲ್ಲಿ ಏನು ಅನ್ನುತ್ತೀರಿ? ಮಗಳು ಲಿಂಟ್ ಅನ್ನುತ್ತಾಳೆ. ನಾನು ಬಟ್ಟೆ ಧೂಳು ಅನ್ನುತ್ತಿದ್ದೆ, ಅದು ಧೂಳಲ್ಲ. ಅಮ್ಮ ಜುಂಗು ಅನ್ನುತ್ತಾರೆ. ನನಗೆ ಜುಂಗು ಅಂದರೆ ತೆಂಗಿನ ನಾರಿನಂಥ ಒರಟಾದದ್ದು, ಇದು ತೀರಾ ಮೆತ್ತಗೆ. ಅರಳೆ ಅನ್ನೋಣವೆಂದರೆ ಅದು ಹಿಂಜಿದ ಹೊಸ ಹತ್ತಿ, ಇದು ಹಳೆ ಬಟ್ಟೆ ಉದುರಿಸಿದ್ದು. ಬೇರೆ ಪದ ಯಾರ ಬಾಯಲ್ಲಾದರೂ ಇದ್ದರೆ ಬರೆಯಿರಿ. ಹೊಸದಾಗಿ ಟಂಕಿಸಿದ ಪದ ಬೇಡ, ಬಳಸುವ ಪದ ಬೇಕು.