ಸಹಾಯ ಬೇಕು: ಹೃದಯದ ವಾಲ್ವ್ ಆಪರೇಷನ್ ಆದವರು ರಾತ್ರಿ ಹೇಗೆ ನಿದ್ದೆ ಮಾಡಿದಿರಿ?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಮೈಟ್ರಲ್ ವಾಲ್ವ್ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಕವಾಟ) ಬದಲಾಯಿಸಿ ಇವತ್ತಿಗೆ 5 ವಾರ. ಹಾಕಿರುವುದು ಮೆಕ್ಯಾನಿಕಲ್ ವಾಲ್ವ್. ಗಾಯ ಒಣಗಿದೆ, ಜ್ವರ ಇಲ್ಲ, ದಿನಾ 15 ನಿಮಿಷ ನಡೆಯುತ್ತಾರೆ. ಅಷ್ಟರ ಮಟ್ಟಿಗೆ ನೆಮ್ಮದಿ.

ತೊಂದರೆ ರಾತ್ರಿಯದು. ಲೈಟ್ ಆರಿಸಿ ಮನೆಯಲ್ಲಿ ಸದ್ದಡಗಿದ ಮೇಲೆ ಎದೆಯೊಳಗಿಂದ ಟಿಕ್ ಟಿಕ್ ಅಂತ ಕೇಳುತ್ತದೆ, ಪಕ್ಕದಲ್ಲಿ ಮಲಗಿದ ನನಗೂ ಕೇಳುತ್ತದೆ, ಮೊದಲ ದಿನ ನಾನು ವಾಚ್ ಎಲ್ಲಿಟ್ಟೆ ಅಂತ ಹುಡುಕಿದ್ದೆ! ಅದು ವಾಲ್ವ್ ಮುಚ್ಚಿಕೊಳ್ಳುವ ಸದ್ದು, ಹೆದರಬೇಡಿ ಅಂತ ಡಾಕ್ಟರ್ ಹೇಳಿದ್ದಾರೆ. ಅಮ್ಮ ಮಾತ್ರ ಅದನ್ನೇ ಎಣಿಸುತ್ತಾ ಕೂರುತ್ತಾರೆ. ಎದೆಮೂಳೆ ಇನ್ನೂ ಪೂರ್ತಿ ಕೂಡಿಲ್ಲ, ಮಗ್ಗುಲಾದರೆ ನೋವು, ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಳ್ಳಬೇಕು. ನಿದ್ದೆ ಎಲ್ಲಿಂದ ಬರಬೇಕು ಹೇಳಿ.

ಇನ್ನೊಂದು ತಲೆನೋವು ವಾರ್ಫರಿನ್, ಅಂದರೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ರಕ್ತಪರೀಕ್ಷೆಯ ಅಂಕಿ) 2.5ರಿಂದ 3.5ರೊಳಗೆ ಇರಬೇಕು ಅಂದಿದ್ದಾರೆ. ಕಳೆದ ವಾರ 1.9, ಈ ವಾರ 3.8. ಮಾತ್ರೆ ಒಂದೂ ತಪ್ಪಿಲ್ಲ. ಸೊಪ್ಪು ಮಾತ್ರ ಒಂದು ದಿನ ಜಾಸ್ತಿ, ಆಮೇಲೆ ನಾಲ್ಕು ದಿನ ಇಲ್ಲವೇ ಇಲ್ಲ, ಹಾಗಾಗಿತ್ತು. ಅದರಲ್ಲಿ ಈ ಮಾತ್ರೆಯ ಕೆಲಸ ತಗ್ಗಿಸುವ ವಿಟಮಿನ್ ಕೆ ಇರುತ್ತದಲ್ವಾ, ಅದೇ ಕಾರಣ ಇರಬಹುದಾ? ಡೋಸ್ ಡಾಕ್ಟರೇ ನೋಡುತ್ತಾರೆ, ಅದನ್ನು ಇಲ್ಲಿ ಕೇಳುತ್ತಿಲ್ಲ. ನೀವು ಊಟದ ಲೆಕ್ಕ ಹೇಗೆ ಇಟ್ಟಿರಿ, ಎಷ್ಟು ದಿನಕ್ಕೆ ಹದಕ್ಕೆ ಬಂತು, ಅಷ್ಟು ಹೇಳಿ ಸಾಕು.

ಮತ್ತೆ, ಅಮ್ಮ ಸುಮ್ಸುಮ್ನೆ ಅಳುತ್ತಾರೆ. ನಿಮ್ಮ ಮನೆಯಲ್ಲೂ ಹೀಗಾಗಿತ್ತಾ? ನಾನು ಎಷ್ಟು ಸಮಾಧಾನ ಹೇಳಿದರೂ ‘ನಿನಗೇನು ಗೊತ್ತು’ ಅಂತಾರೆ. ಆಪರೇಷನ್ ಆದವರೇ ಯಾರಾದರೂ ಎರಡು ಸಾಲು ಬರೆದರೆ ಓದಿ ಹೇಳುತ್ತೇನೆ.